ನೀಲಿ ಡಬ್ಬಿಯ ಫೈಲು

ಮನೆಯಿಂದ
ಮಾರ್ಚ್ ೧೧, ಗುರುವಾರ, ಬೆಳಿಗ್ಗೆ

ಪ್ರೀತಿಯ ಅಣ್ಣಾ,

ನಿನ್ನ ಬೆನ್ನುನೋವು ಹೇಗಿದೆ? ಜೈಲಿನಲ್ಲಿ ಬರಿ ನೆಲದ ಮೇಲೆ ಮಲಗುತ್ತೀಯಂತೆ, ಅತ್ತಿಗೆ ಹೇಳಿದರು. ಅವರು ಹೋದ ವಾರ ತಂದುಕೊಟ್ಟ ಸೊಂಟದ ಬೆಲ್ಟನ್ನು ಒಳಗೆ ಬಿಟ್ಟರೋ, ಬಾಗಿಲಲ್ಲೇ ಇಟ್ಟುಕೊಂಡರೋ ತಿಳಿಸು. ಅತ್ತಿಗೆ ಕೆಲಸಕ್ಕೆ ಹೋಗಿಬರುತ್ತಿದ್ದಾರೆ, ಬಸ್ಸಿನಲ್ಲಿ ಯಾರೂ ಏನೂ ಕೇಳುವುದಿಲ್ಲವಂತೆ. ಕೇಳದೇ ಇರುವುದೇ ಹೆಚ್ಚು ಕಷ್ಟ ಎನ್ನುತ್ತಾರೆ. ಅಮ್ಮ ಊಟ ಮಾಡುತ್ತಿದ್ದಾಳೆ, ನಿದ್ದೆ ಕಡಿಮೆ. ಈಗ ಅವಳಿಗೊಂದು ಹೊಸ ಅಭ್ಯಾಸ ಬಂದಿದೆ. ಮಾತ್ರೆ ನುಂಗುವ ಮೊದಲು ಡಬ್ಬಿಯ ಮೇಲಿನ ಪ್ರತಿ ಅಕ್ಷರವನ್ನೂ ಭೂತಗನ್ನಡಿ ಹಿಡಿದು ಓದುತ್ತಾಳೆ, ತಯಾರಕರ ವಿಳಾಸವನ್ನೂ ಬಿಡುವುದಿಲ್ಲ. ನಾಲ್ಕು ಡಬ್ಬಿಗೆ ಅರ್ಧ ಗಂಟೆ. ನಾನು ಎದುರಿಗೆ ಲೋಟ ಹಿಡಿದು ನಿಂತಿರುತ್ತೇನೆ.

ಪ್ರೆಸ್ಸಿನಲ್ಲಿ ಎರಡು ಮೆಷಿನ್ ನಿಂತಿವೆ. ಔಷಧಿ ಕಂಪನಿಯ ಕೆಲಸವೆಲ್ಲ ವಾಪಸು ಹೋಯಿತು, ಈಗ ಲಗ್ನಪತ್ರಿಕೆಯನ್ನೂ ಕರಪತ್ರವನ್ನೂ ಹೊಡೆಯುತ್ತಿದ್ದೇವೆ. ನಿನ್ನ ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲ, ಅದರ ಮೇಲೆ ಕಾಗದದ ರೀಮುಗಳನ್ನು ಪೇರಿಸಿದ್ದಾರೆ. ಯಜಮಾನರು ನಿನ್ನೆ ಸಂಜೆ ಮನೆಗೆ ಬಂದಿದ್ದರು. ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತು ಮಾತಾಡಿದರು. ಸೋಮವಾರ ಅವರ ಲಾಯರು ನಿನ್ನ ಹತ್ತಿರ ಒಂದು ಹೇಳಿಕೆ ತರುತ್ತಾರಂತೆ. ಫೈಲು ಸರಿಯಾಗಿತ್ತು, ನೀನು ಸಹಿ ಹಾಕಿದ ಹಾಳೆಯೂ ಸರಿಯಾಗಿತ್ತು, ಆಮೇಲೆ ಮೆಷಿನ್ ನಡೆಸುವವನು ಕೆಂಪು ಮಸಿ ಹೆಚ್ಚು ಬಿಟ್ಟ, ಇಷ್ಟು ಬರೆದಿರುತ್ತದೆ. "ನಿಮ್ಮಣ್ಣ ಸೈನ್ ಹಾಕಿದರೆ ಮುಂದಿನ ವಾರ ಮನೇಲಿರ್ತಾನೆ ಕಣಮ್ಮ, ಮುದುಕಂಗೆ ಇನ್ನೆಷ್ಟು ದಿನ ಸರ್ವೀಸಿದೆ" ಅಂದರು. ಅಮ್ಮ ಒಳಗಿನಿಂದ ಕೇಳಿಸಿಕೊಂಡಳು. ಅತ್ತಿಗೆ ಮುಖ ತಿರುಗಿಸಿಕೊಂಡರು. ಒಂದು ಕ್ಷಣ ನನಗೂ ಸಮಾಧಾನವಾಯಿತು. ಅದನ್ನು ಮುಚ್ಚಿಡುವುದಿಲ್ಲ.

ಆ ಮುದುಕ ನಮ್ಮ ಮಸಿ ತಾತ, ನಾವು ಲಂಗ ಚಡ್ಡಿ ಹಾಕಿಕೊಂಡು ಪ್ರೆಸ್ಸಿಗೆ ಹೋಗುತ್ತಿದ್ದಾಗಲೂ ಅದೇ ಮೆಷಿನ್ ಮುಂದೆ ನಿಂತಿದ್ದವರು. ಹಾಗಾಗಿ ಏನು ನಡೆಯಿತು ಎನ್ನುವುದನ್ನು ಒಮ್ಮೆ ಸಾಲಾಗಿ ಬರೆಯುತ್ತೇನೆ. ಅಲ್ಲಿ ಕಾಗದ ಒಡೆದು ಓದುತ್ತಾರೆಂದು ಗೊತ್ತು. ಓದಲಿ.

ಔಷಧಿ ಕಂಪನಿಯವರು ಕಳಿಸಿದ್ದು ಎರಡು ಚಿತ್ರ. ಮಕ್ಕಳ ಸಿರಪ್ಪಿಗೆ ನೀಲಿ ಡಬ್ಬಿ, ದೊಡ್ಡವರದಕ್ಕೆ ನೇರಳೆ. ಉಳಿದದ್ದೆಲ್ಲ ಒಂದೇ, ಒಂದು ಸಾಲು ಸಣ್ಣ ಅಕ್ಷರ ಬಿಟ್ಟರೆ. ಚಿತ್ರ ಬಿಡಿಸಿದ್ದು ಒಂದು ಪ್ರೋಗ್ರಾಮಿನಲ್ಲಿ, ನಾನು ಡಬ್ಬಿಯ ಅಳತೆಗೆ ಕೂರಿಸುವುದು ಇನ್ನೊಂದರಲ್ಲಿ. ಅದು ಫೈಲು ತೆರೆದ ಕೂಡಲೇ ಕೇಳುತ್ತದೆ, ಈ ಚಿತ್ರದ ಜೊತೆ ಬಂದ ಬಣ್ಣದ ಪ್ರೊಫೈಲನ್ನು ಉಳಿಸಿಕೊಳ್ಳಲೋ, ಕೈಬಿಡಲೋ ಎಂದು. ನೀನು ಅದನ್ನು ಬಣ್ಣದ ಜಾತಕ ಎನ್ನುತ್ತಿದ್ದೆ. "ಜಾತಕ ನೋಡದೇ ಕಟ್ತೀಯಲ್ಲೇ, ಆಮೇಲೆ ಸಂಸಾರ ಕೆಟ್ಟರೆ ಕಂಪ್ಯೂಟರನ್ನ ಬೈತೀಯ" ಎಂದು ರೇಗಿಸುತ್ತಿದ್ದೆ. ದಿನಕ್ಕೆ ನಲವತ್ತು ಸಲ ಬರುವ ಪ್ರಶ್ನೆ. ನಾನು ನೊಣ ಓಡಿಸಿದ ಹಾಗೆ ಎಂಟರ್ ಒತ್ತುತ್ತಿದ್ದೆ. ಅವತ್ತೂ ಒತ್ತಿದೆ. ಸುಮ್ಮನೆ ಎಂಟರ್ ಒತ್ತಿದರೆ ಕೈಬಿಡು ಎಂದರ್ಥ, ಪ್ರೊಫೈಲು ಬಿದ್ದುಹೋಯಿತು. ಪರದೆಯ ಮೇಲೆ ನೀಲಿ ನೀಲಿಯಾಗಿಯೇ ಇತ್ತು, ಏಕೆಂದರೆ ಪರದೆ ತೋರಿಸುವುದು ಬೆಳಕನ್ನು, ಮಸಿಯನ್ನಲ್ಲ. ಅಚ್ಚಿನ ನಾಲ್ಕು ಮಸಿಗೆ ಒಡೆಯುವಾಗ ಬಣ್ಣ ಜರುಗಿತು. ಮೆಜೆಂಟಾ, ಅದೇ ಕೆಂಪು ಮಸಿ, ನೂರಕ್ಕೆ ನಲವತ್ತೈದು ಇರಬೇಕಾದಲ್ಲಿ ಎಂಬತ್ತಾಯಿತು. ನೇರಳೆ ಡಬ್ಬಿಯಲ್ಲಿ ಅದು ತೊಂಬತ್ತು. ಹೋದ ಭಾನುವಾರ ಒಬ್ಬಳೇ ಪ್ರೆಸ್ಸಿಗೆ ಹೋಗಿ, ಎರಡೂ ಪ್ರೋಗ್ರಾಮನ್ನು ಪಕ್ಕಪಕ್ಕ ತೆರೆದು, ಅದೇ ಫೈಲಿನಲ್ಲಿ ಒಮ್ಮೆ ಉಳಿಸಿಕೋ ಎಂದು, ಒಮ್ಮೆ ಎಂಟರ್ ಒತ್ತಿ ನೋಡಿದೆ. ಮೂರು ಸಲ ಮಾಡಿದೆ. ಮೂರು ಸಲವೂ ಅದೇ ಸಂಖ್ಯೆ ಬಂತು.

ಮೊದಲ ಹಾಳೆ ಹೊರಬಂದಾಗ ತಾತ ಅದನ್ನು ಕಿಟಕಿಗೆ ಹಿಡಿದು, "ಇದೇನಮ್ಮಾ, ನೀಲಿ ಅಂತೀಯ, ಬದನೆಕಾಯಿ ಬಂದಿದೆ" ಅಂದರು. "ಫೈಲು ಸರಿ ಇದೆ ತಾತ, ನೀವು ಮೆಷಿನ್ ನೋಡ್ಕೊಳಿ" ಅಂದೆ. ಅಷ್ಟೇ. ಅವರು ನನ್ನನ್ನೊಮ್ಮೆ ನೋಡಿ ಕೈ ಒರೆಸಿಕೊಂಡರು. ನಿನಗಾಗಿ ಕಾದೆವು. ನೀನು ಅಮ್ಮನನ್ನು ಆಸ್ಪತ್ರೆಗೆ ತೋರಿಸಿಕೊಂಡು ಎರಡೂವರೆಗೆ ಬಂದೆ. ಕಂಪನಿಯವರು ಒಪ್ಪಿದ ಬಣ್ಣದ ಕಾರ್ಡು ಕಬ್ಬಿಣದ ಬೀರುವಿನಲ್ಲಿರುತ್ತದೆ, ಅದಕ್ಕೆ ಹಿಡಿದು ನೋಡದೆ ಯಾವ ಹಾಳೆಗೂ ಸಹಿ ಬೀಳಬಾರದೆಂದು ನಿಯಮ ಮಾಡಿದವನೇ ನೀನು. ಕೈಚೀಲ ಕೆಳಗಿಡದೆ, "ಕಾರ್ಡಿಗೆ ಹಿಡಿದ್ಯೇನೇ?" ಎಂದು ನೀನು ಕೇಳಿದೆ. "ಹಿಡಿದಿದೀನಿ, ಹಾಕಣ್ಣ" ಎಂದು ನಾನಂದೆ. ನೀನು ಸಹಿ ಹಾಕಿದೆ.

ಔಷಧಿ ಅಂಗಡಿಯವರು ಡಬ್ಬಿಯ ಮೇಲಿನ ಅಕ್ಷರ ಓದಬೇಕಿತ್ತು, ನಿಜ. ಮಕ್ಕಳ ಡಬ್ಬಿಯೂ ನೇರಳೆಯಾದ ಮೇಲೆ ಎರಡೂ ಒಂದೇ ಸಾಲಿಗೆ ಸೇರಿಹೋಗಿದ್ದವು, ಅವರು ಬಣ್ಣ ನೋಡಿ ಕೊಟ್ಟರು. ಬಣ್ಣ ಇರುವುದೇ ಅದಕ್ಕೆ. ತೀರಿಕೊಂಡ ಆ ಮಗುವಿಗೆ ಐದು ವರ್ಷ. ಮೂರು ದಿನ, ದಿನಕ್ಕೆ ಮೂರು ಸಲ, ಅವರಮ್ಮ ಚಮಚ ಅಳೆದು ದೊಡ್ಡವರ ಸಿರಪ್ಪು ಕುಡಿಸಿದ್ದಾಳೆ. ಒಂದು ಹನಿ ಚೆಲ್ಲದ ಹಾಗೆ ಕುಡಿಸಿದೆ ಎಂದು ಆಕೆ ಪೊಲೀಸರಿಗೆ ಹೇಳಿದ್ದು ಪೇಪರಿನಲ್ಲಿ ಬಂದಿತ್ತು. ಆ ತುಂಡನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ, ಯಾಕೆಂದು ಗೊತ್ತಿಲ್ಲ.

ಸೋಮವಾರ ಲಾಯರು ಬಂದರೆ ಸಹಿ ಹಾಕಬೇಡ. ನಿನ್ನನ್ನು ಒಳಗೇ ಇರು ಎಂದು ಬೇಡುವ ತಂಗಿ ಎಂಥವಳು ಎಂದು ನೀನು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಆದರೆ ತಾತನ ಮೇಲೆ ಹೊರಿಸಿ ನೀನು ಮನೆಗೆ ಬಂದರೆ ನಾವಿಬ್ಬರೂ ಒಂದೇ ಮೇಜಿನಲ್ಲಿ ಕೂತು ಊಟ ಮಾಡುವುದು ಹೇಗೆ? ಹೋದ ವಾರ ದಾರಿಯಲ್ಲಿ ಸಿಕ್ಕಾಗ ಅವರು ಮೊದಲು ಕೇಳಿದ್ದು, "ಅಣ್ಣ ಹೆಂಗಿದಾನೆ?" ಎಂದು.

ಬೆನ್ನಿಗೆ ತಣ್ಣೀರು ತಾಗಿಸಬೇಡ. ಅಮ್ಮ ಆಶೀರ್ವಾದ ಹೇಳಿದ್ದಾಳೆ, ಅತ್ತಿಗೆ ನಿನ್ನನ್ನು ನೆನೆಯುತ್ತಿರುತ್ತಾರೆ. ಕ್ಷಮಿಸು ಎಂದು ಬರೆಯಲು ಕೂತಿದ್ದೆ, ಅದು ಆ ತಾಯಿಗೆ ಮೊದಲು ಸಲ್ಲಬೇಕಾದದ್ದು.

ನಿನ್ನ ತಂಗಿ

ಮರೆತ ಮಾತು: ಈಗ ಮಧ್ಯಾಹ್ನ. ತನಿಖಾಧಿಕಾರಿಯ ಕಚೇರಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಒಳಗೆ ನನ್ನ ಹೇಳಿಕೆ ಟೈಪ್ ಆಗುತ್ತಿದೆ. ಕಂಪನಿ ಕಳಿಸಿದ್ದು, ನಾನು ಕೂರಿಸಿದ್ದು, ಎರಡೂ ಫೈಲು ಕೊಟ್ಟಾಯಿತು, ಉಳಿಸಿದ ತಾರೀಖು, ಗಂಟೆ, ನನ್ನ ಲಾಗಿನ್ ಎಲ್ಲ ಅದರಲ್ಲೇ ಇದೆ. ಕಾರ್ಡಿಗೆ ಹಿಡಿದು ನೋಡಿದವನು ನಾನೇ ಎಂದು ನೀನು ಪೊಲೀಸರಿಗೆ ಹೇಳಿದ್ದೀಯಲ್ಲ, ಅದು ನನ್ನನ್ನು ಉಳಿಸಲು ಎಂದು ಗೊತ್ತು. ಅವತ್ತು ಬೀರು ತೆರೆಯಲೇ ಇಲ್ಲ ಎಂದು ಬರೆಸಿದ್ದೇನೆ. ಅದಕ್ಕಿರುವುದು ಒಂದೇ ಬೀಗದ ಕೈ, ಬೆಳಗಿನಿಂದ ಅದು ಆಸ್ಪತ್ರೆಯಲ್ಲಿ ನಿನ್ನ ಜೇಬಿನಲ್ಲಿತ್ತು. ನಾನು ಹಿಡಿದಿದ್ದೇನೆ ಎಂದಾಗ ನಿನಗೂ ಅದು ಗೊತ್ತಿತ್ತು, ಅಣ್ಣಾ. ಅದನ್ನೂ ಬರೆಸಿದ್ದೇನೆ. ನನ್ನದು ನನಗೆ, ನಿನ್ನದು ನಿನಗೆ. ಒಳಗೆ ಕರೆಯುತ್ತಿದ್ದಾರೆ.