ಕೇಳಲೇಬೇಕಾದ ಮಾತು

ಜನವರಿ 8, ಸೋಮವಾರ. ಬೆಳಿಗ್ಗೆ 7.40
ರಜೆ ಮುಗಿಯಿತು. ಕಾರು ಮೂರನೇ ಸಲಕ್ಕೆ ಸ್ಟಾರ್ಟ್ ಆಯಿತು. ಮೂಗಿನೊಳಗೆಲ್ಲ ಹಿಮ. ಗೈರುಹಾಜರಿ ಪಟ್ಟಿ ಮೇಜಿನ ಮೇಲಿದೆ. ಮೂವತ್ತೊಂದು ಹೆಸರು. ಅರ್ಧ ಜ್ವರ, ಇನ್ನರ್ಧ ಹೆಪ್ಪುಗಟ್ಟಿದ ಕೆರೆಯಲ್ಲಿ ತೂತು ಕೊರೆದು ಮೀನಿಗೆ ಕೂತವರು.
ಡೇನ್ ಸ್ಟುಪ್ಕಾ ಹೆಸರು ಇನ್ನೂ ಬರುತ್ತಿದೆ. ಕಂಪ್ಯೂಟರಿಗೆ ಯಾರೂ ಹೇಳಿಲ್ಲ. ನವೆಂಬರ್ ಹದಿನಾಲ್ಕರಿಂದ ದಿನವೂ ಅದೇ ಸಾಲು — "ಗೈರು, ಕಾರಣ ತಿಳಿಸಿಲ್ಲ."
ಹದಿನಾರು ವರ್ಷ. ತನ್ನ ಪ್ರಾಣ ತಾನೇ ತೆಗೆದುಕೊಂಡ. ಅದಕ್ಕೆ ಮುಂಚೆ ಎರಡು ಸಲ ನನ್ನ ಕೋಣೆಗೆ ಬಂದಿದ್ದ, ಟೈಮ್ ಟೇಬಲ್ ಬದಲಿಸಿಕೊಡಿ ಅಂತ. ಬದಲಿಸಿಕೊಟ್ಟೆ. ನಾನು ಬೇರೇನೂ ಕೇಳಲಿಲ್ಲ.
ಇಪ್ಪತ್ತಾರು ವರ್ಷ ಈ ಶಾಲೆಯ ಕೌನ್ಸೆಲರ್ ಆಗಿದ್ದು ಏನು ಬಂತು.

ಜನವರಿ 11
ಪ್ರಿನ್ಸಿಪಾಲ್ ಹಾಲ್ವರ್ಸನ್ ಹತ್ತಿರ ಹೋದೆ. ತರಬೇತಿಗೆ ಅರ್ಧ ದಿನ ಬೇಕು ಎಂದೆ. ಟೀಚರುಗಳಿಗಷ್ಟೇ ಅಲ್ಲ, ಬಸ್ ಡ್ರೈವರಿಗೆ, ಕಸ ಗುಡಿಸುವವರಿಗೆ, ಅಡುಗೆಯವರಿಗೆ, ಎಲ್ಲರಿಗೂ. ಮಗು ಅಪಾಯದಲ್ಲಿದೆ ಅಂತ ಗುರುತಿಸುವುದು ಹೇಗೆ, ಕೇಳುವುದು ಹೇಗೆ.
"ಆರ್ಲೀನ್, ಆ ಮಾತೆತ್ತಿದ್ರೆ ಮಕ್ಕಳ ತಲೆಗೆ ನಾವೇ ಹುಳ ಬಿಟ್ಟಂಗಾಗಲ್ವಾ?"
"ಆಗಲ್ಲ. ಕೇಳಿದ್ರಿಂದ ಯಾರೂ ಸಾಯಲ್ಲ. ಕೇಳದೇ ಇದ್ರೆ..."
ಹಾಲ್ವರ್ಸನ್ ಕ್ಯಾಲೆಂಡರ್ ತೆರೆದರು. ನಲವತ್ತು ನಿಮಿಷ ಕೊಟ್ಟರು.

ಜನವರಿ 17
ಊಟದ ಹಾಲಿನಲ್ಲಿ ಆ ನಲವತ್ತು ನಿಮಿಷ ಮುಗಿಯಿತು. ಸುತ್ತಿ ಬಳಸಬೇಡಿ ಎಂದೆ. "ಸಾಯ್ಬೇಕು ಅನ್ನಿಸ್ತಿದೆಯಾ?" ಅಂತಲೇ ಕೇಳಿ. ಹೌದು ಎಂದರೆ ಬೈಯಬೇಡಿ, ಬುದ್ಧಿ ಹೇಳಬೇಡಿ. ಗುಟ್ಟಾಗಿಡುತ್ತೇನೆ ಅಂತ ಮಾತು ಕೊಡಬೇಡಿ. ಒಂದು ಗಳಿಗೆಯೂ ಒಂಟಿಯಾಗಿ ಬಿಡದೆ ನನ್ನ ಹತ್ತಿರ ಕರೆದುಕೊಂಡು ಬನ್ನಿ.
ಗಣಿತದ ಮೇಷ್ಟ್ರು ಫೋನ್ ನೋಡುತ್ತಿದ್ದರು.
ಎಲ್ಲರೂ ಹೋದ ಮೇಲೆ ಅಡುಗೆಯ ಡಾಟ್ ನನ್ನನ್ನು ಉಗ್ರಾಣಕ್ಕೆ ಎಳೆದುಕೊಂಡು ಹೋಗಿ ಬಾಗಿಲು ಮುಚ್ಚಿದಳು. ಅಳು.
"ಡೇನ್ ಎರಡು ವಾರ ತಟ್ಟೆ ಮುಟ್ಟಿರಲಿಲ್ಲ ಕಣೆ. ಹಂಗಂಗೇ ತಂದು ಕಸದ ಡಬ್ಬಿಗೆ ಸುರೀತಿದ್ದ. ನಾನು ನೋಡ್ದೆ. ಬಡಿಸೋಳ ಮಾತು ಯಾರು ಕೇಳ್ತಾರೆ ಅಂತ ಸುಮ್ಮನಿದ್ದೆ."
ನಿನ್ನ ತಪ್ಪಲ್ಲ ಎಂದೆ. ನಾಲ್ಕು ಸಲ ಹೇಳಿದೆ. ಅದೇ ಮಾತನ್ನು ನನಗೆ ನಾನು ಹೇಳಿಕೊಳ್ಳಲು ಒಂದು ಸಲವೂ ಆಗಿಲ್ಲ.

ಜನವರಿ 30. ಸಂಜೆ 5
ಮಧ್ಯಾಹ್ನ ಹನ್ನೆರಡಕ್ಕೆ ಮುಂಚೆ ಡಾಟ್ ಓಡಿ ಬಂದಳು. ಬಡಿಸುವ ಕೈಗವಸು ಕೂಡ ತೆಗೆದಿರಲಿಲ್ಲ.
"ಕೊರಿನ್ ರೌಟಿಯೊ ಗೊತ್ತಲ್ಲ, ಒಂಬತ್ತನೇ ಕ್ಲಾಸು, ಐಸ್ ಹಾಕಿ ಟೀಮಿನ ಗೋಲ್‌ಕೀಪರ್. ಹೊಸಾ ಸ್ಕೇಟ್ಸು, ಪಕ್ಕದೋಳಿಗೆ ಕೊಟ್ಬಿಟ್ಲು. ಆಮೇಲೆ ನನ್ನ ಹತ್ರ ಬಂದು, ಇಷ್ಟು ದಿನ ಊಟ ಹಾಕಿದ್ದಕ್ಕೆ ಥ್ಯಾಂಕ್ಸ್ ಅಂದ್ಲು. ಶಾಲೆ ಮುಗಿಯೋದು ಜೂನಲ್ಲಿ, ಜನವರಿ ತಿಂಗಳಲ್ಲಿ ಯಾರೇ ಹಂಗಂತಾರೆ?"
ಕ್ಲಾಸಿನಿಂದ ನಾನೇ ಕರೆತಂದೆ. ಕೂರಿಸಿದೆ. ಕೇಳಿದೆ, ಹೇಳಿಕೊಟ್ಟಿದ್ದ ಹಾಗೆಯೇ, ನೇರವಾಗಿ.
ಕಿಟಕಿ ನೋಡುತ್ತಾ ಕೂತಿದ್ದಳು.
"ಹೌದು."
ಆಮೇಲೆ, "ಅಪ್ಪಂಗೆ ಹೇಳ್ಬೇಡಿ."
"ಹೇಳಲೇಬೇಕು ಪುಟ್ಟಾ. ನಿನ್ನೆದುರಿಗೇ ಫೋನ್ ಮಾಡ್ತೀನಿ. ಅವರು ಬರೋವರೆಗೆ ಇಲ್ಲಿಂದ ಏಳಲ್ಲ."
"ಡೇನ್‌ಗೂ ಹಿಂಗೇ ಮಾಡಿದ್ರಾ ಮಿಸೆಸ್ ನೀಮಿ?"
"ಇಲ್ಲ. ಅವನನ್ನ ನಾನು ಕೇಳಲೇ ಇಲ್ಲ."
ಮೊದಲ ಸಲ ನನ್ನ ಮುಖ ನೋಡಿದಳು.
ಅಪ್ಪ ವೇಡ್ ಗಣಿಯಿಂದ ನೇರ ಬಂದ. ಬೂಟಿನ ತುಂಬ ಕೆಂಪು ಧೂಳು. ಹೆಂಡತಿ ಬಿಟ್ಟುಹೋಗಿ ಮೂರು ವರ್ಷ, ಮಗಳನ್ನು ಒಬ್ಬನೇ ಸಾಕಿದವನು. "ನನ್ನ ಮಗಳು ಗಟ್ಟಿಗಿತ್ತಿ. ನೀವು ತಪ್ಪು ತಿಳ್ಕೊಂಡಿದೀರಿ," ಎಂದ.
"ಮನೇಲಿರೋ ಬೇಟೆ ಬಂದೂಕೆಲ್ಲ ಇವತ್ತೇ ಬೇರೆ ಕಡೆ ಹೋಗ್ಬೇಕು ವೇಡ್."
"ನಮ್ಮಪ್ಪನವು ಅವು."
"ಗೊತ್ತು."
ಮಗಳತ್ತ ತಿರುಗಿದ. ಅವಳು ನೆಲ ನೋಡುತ್ತಿದ್ದಳು. ಫೋನ್ ತೆಗೆದು ತಮ್ಮನಿಗೆ, "ಪಿಕಪ್ ಗಾಡಿ ತಗೊಂಡು ಮನೆಗೆ ಬಾ. ಎಲ್ಲಾ ಒಯ್ಯಿ. ಈಗ್ಲೇ," ಎಂದ. ಆಮೇಲೆ ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟ.

ಫೆಬ್ರವರಿ 1
ಆಸ್ಪತ್ರೆಯ ತುರ್ತು ವಿಭಾಗ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಹದಿನಾಲ್ಕು ಗಂಟೆ, ಅಪ್ಪ ಮಗಳು ಇಬ್ಬರೂ. ಮಕ್ಕಳ ಮನೋರೋಗ ವಿಭಾಗದಲ್ಲಿ ಹಾಸಿಗೆ ಖಾಲಿ ಇಲ್ಲ. ಸಲಹೆಗಳ ಒಂದು ಹಾಳೆ ಕೊಟ್ಟು ಮನೆಗೆ ಕಳಿಸಿದರು. ಥೆರಪಿಸ್ಟ್ ಸಿಗುವುದು ಏಪ್ರಿಲ್ ಹತ್ತೊಂಬತ್ತಕ್ಕೆ.
ಏಪ್ರಿಲ್!
ವೇಡ್ ಕೆಲಸಕ್ಕೆ ರಜೆ ಹಾಕಿ ಅವಳ ಕೋಣೆ ಬಾಗಿಲಲ್ಲೇ ಹಾಸಿಗೆ ಹಾಕಿಕೊಂಡಿದ್ದಾನೆ. ನಾನು ಫೋನ್ ಮಾಡುತ್ತಲೇ ಇದ್ದೇನೆ. ಇವತ್ತು ಹದಿನೇಳು ಕಡೆ. ಹದಿನೇಳು ಕಡೆಯೂ ಅದೇ ಕಾಯಿಸುವ ಸಂಗೀತ.

ಫೆಬ್ರವರಿ 6
ಡುಲುತ್‌ ನಗರದ ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತು. ಹೊರಡುವ ಮುಂಚೆ ಪುಸ್ತಕ ಒಯ್ಯಲು ಶಾಲೆಗೆ ಬಂದಿದ್ದರು. ಕೊರಿನ್ ಕಾರಿನ ಗಾಜು ಇಳಿಸಿದಳು. ಏನೋ ಒಳ್ಳೆಯ ಮಾತು ಎಂದುಕೊಂಡು ಬಗ್ಗಿದೆ.
"ನಿಮ್ಮನ್ನ ನಂಬಿ ಹೇಳ್ದೆ. ನೀವು ಊರಿಗೆಲ್ಲಾ ಸಾರಿದ್ರಿ. ಚಾಡಿಬುರುಕಿ."
ಗಾಜು ಏರಿಸಿದಳು.

ಫೆಬ್ರವರಿ 20
ಕೊರಿನ್ ವಾಪಸ್. ಬೆಳಿಗ್ಗೆ ಬಾಗಿಲಲ್ಲಿ ಎದುರುಗೊಳ್ಳುವವರು ಯಾರು, ಕ್ಲಾಸಿನಲ್ಲಿ ಉಸಿರು ಕಟ್ಟಿದರೆ ಎದ್ದು ಎಲ್ಲಿಗೆ ಹೋಗಬಹುದು, ಎಲ್ಲ ಬರೆದಿಟ್ಟಿದ್ದೇವೆ. ಎಲ್ಲಿಗೆ ಹೋಗ್ತೀಯ ಅಂದರೆ "ಡಾಟ್ ಹತ್ರ" ಎಂದಳಂತೆ. ನನ್ನ ಕೋಣೆ ಬೇಡವಂತೆ.
ಕಾರಿಡಾರಿನಲ್ಲಿ ನನ್ನನ್ನು ಕಂಡು ಗೆಳತಿಗೆ, "ಬಂತು ನೋಡೇ ಸಿಐಡಿ," ಎಂದಳು.
ಇರಲಿ. ಬೈಯಲು ಉಸಿರಿದೆಯಲ್ಲ.

ಮಾರ್ಚ್ 5
ನಿನ್ನೆ ಶಾಲಾ ಮಂಡಳಿಯ ಸಭೆ. ಏಪ್ರಿಲ್‌ನಿಂದ ನನ್ನ ಕೆಲಸ ಅರ್ಧ ದಿನ, ದುಡ್ಡಿಲ್ಲವಂತೆ. ಹನ್ನೆರಡಕ್ಕೆ ಮನೆಗೆ.
"ಹನ್ನೆರಡರ ಮೇಲೆ ಯಾವ ಮಗುವಿಗಾದ್ರೂ ಸಾಯ್ಬೇಕು ಅನ್ನಿಸಿದ್ರೆ? ನಾಳೆ ಬಾ ಅನ್ನೋದಾ?" ಇವತ್ತು ಹಾಲ್ವರ್ಸನ್ ಮುಂದೆ ಕೂಗಿಬಿಟ್ಟೆ.
ಹಾಲ್ವರ್ಸನ್ ನಿಧಾನ ಕೂತರು. "ಡೇನ್ ಶವಪೆಟ್ಟಿಗೆಗೆ ಹೆಗಲು ಕೊಟ್ಟೋನು ನಾನು ಆರ್ಲೀನ್. ಮಂಡಳಿ ಮುಂದೆ ಅದನ್ನೂ ಹೇಳ್ದೆ. ನಮ್ಮ ಕಡೆ ಮೂರು ಓಟು ಬಿತ್ತು. ಅವರ ಕಡೆ ನಾಲ್ಕು."
ಅವರಿಗೂ ಈ ಭಾರ ಇದೆ ಅಂತ ಇಷ್ಟು ದಿನ ನೋಡಿಯೇ ಇರಲಿಲ್ಲ.

ಮಾರ್ಚ್ 19
ಎರಡು ವಾರ ಬರೆಯಲಿಲ್ಲ. ಬರೆಯುವಂಥದ್ದೇನೂ ಇಲ್ಲ. ನಿದ್ದೆ ಇಲ್ಲ. ತಂಗಿಯ ಫೋನ್ ಎತ್ತಿಲ್ಲ. ಇವತ್ತು ಕಾರು ನಿಲ್ಲಿಸಿ ಇಳಿಯಲಾಗದೆ ಇಪ್ಪತ್ತು ನಿಮಿಷ ಸ್ಟಿಯರಿಂಗ್ ಹಿಡಿದು ಕೂತಿದ್ದೆ. ಮಕ್ಕಳ ಮುಖ ನೋಡಿದರೆ ಎಣಿಸತೊಡಗುತ್ತೇನೆ — ಇವಳಾ? ಇವನಾ?
ಮಕ್ಕಳಿಗೆ ಹೇಳುವುದನ್ನೇ ನನಗೆ ಹೇಳಿಕೊಂಡು ಡಾಕ್ಟರಿಗೆ ಫೋನ್ ಮಾಡಿದೆ. ಮೇ ಎರಡನೇ ವಾರ ಬನ್ನಿ ಎಂದರು. ನಗು ಬಂತು. ನಿಲ್ಲಲಿಲ್ಲ. ಕಡೆಗೆ ತಂಗಿಗೆ ಫೋನ್ ಮಾಡಿದೆ.

ಏಪ್ರಿಲ್ 3. ಮಧ್ಯಾಹ್ನ 12.40
ಅರ್ಧ ದಿನದ ಮೂರನೇ ದಿನ. ಹನ್ನೆರಡಕ್ಕೆ ಹತ್ತು ನಿಮಿಷ ಇದ್ದಾಗ ಕೋಟು ಹಾಕಿಕೊಳ್ಳುತ್ತಿದ್ದೆ. ಬಾಗಿಲಲ್ಲಿ ಕೊರಿನ್. ಆರು ವಾರದಲ್ಲಿ ನನ್ನೊಡನೆ ಒಂದು ಮಾತೂ ಆಡಿಲ್ಲ.
"ಕೂರಲ್ಲ ನಾನು."
"ಆಯ್ತು."
"ನಮ್ಮ ಬಸ್ಸಲ್ಲಿ ಒಬ್ಬಳಿದಾಳೆ. ಬ್ರೀಯಾ. ಏಳನೇ ಕ್ಲಾಸು. ಇವತ್ತು ನಂಗೊಂದು ವಿಷ್ಯ ಹೇಳಿದ್ಲು. ಯಾರಿಗೂ ಹೇಳಲ್ಲ ಅಂತ ಆಣೆ ಹಾಕಿಸ್ಕೊಂಡಿದಾಳೆ." ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಈಗ ನಿಮಗೆ ಹೇಳ್ತಿದೀನಿ."
"ಎಲ್ಲಿದಾಳೆ?"
"ಅಡುಗೆಮನೇಲಿ. ಡಾಟ್ ಜೊತೆ ಕೂರ್ಸಿ ಬಂದೆ. ಒಬ್ಬಳನ್ನೇ ಬಿಡಬಾರದಲ್ವಾ."
ಕೋಟು ಬಿಚ್ಚಿ ಹೊರಟೆ. ಹಿಂದೆಯೇ ಬಂದಳು.
"ಇನ್ಮೇಲೆ ಅವಳು ನನ್ನ ಹತ್ರ ಮಾತಾಡಲ್ಲ ಅಲ್ವಾ?"
"ಸ್ವಲ್ಪ ದಿನ ಆಡಲ್ಲ."
"ನನ್ನನ್ನೂ ಚಾಡಿಬುರುಕಿ ಅಂತಾಳೆ."
"ಅನ್ನಬಹುದು."
ತೋಳಿನಿಂದ ಮೂಗೊರೆಸಿಕೊಂಡಳು. "ಅನ್ನಲಿ ಬಿಡಿ."
ಬ್ರೀಯಾಳನ್ನು ಕೇಳಿದೆ. ಹೌದೆಂದು ತಲೆಯಾಡಿಸಿದಳು. ಹನ್ನೆರಡು ವರ್ಷ. ಹಲ್ಲಿಗೆ ತಂತಿ. ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ಪೂರ್ತಿ ಎಟುಕುವುದಿಲ್ಲ.
ಈಗ ಅವಳು ನನ್ನ ಕೋಣೆಯೊಳಗೆ, ಡಾಟ್ ಪಕ್ಕದಲ್ಲಿ. ನಾನು ಹೊರಗಿನ ಬೆಂಚಿನಲ್ಲಿ, ಅವಳ ಅಮ್ಮನಿಗಾಗಿ ಕಾಯುತ್ತಾ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. ಹಾಸಿಗೆ ಇರುವುದಿಲ್ಲ. ಥೆರಪಿಸ್ಟ್ ಜುಲೈ ಅನ್ನುತ್ತಾರೆ. ಎಲ್ಲ ಗೊತ್ತು. ಕೊರಿನ್ ಕಾರಿಡಾರಿನ ತುದಿಯಲ್ಲಿ ನಿಂತೇ ಇದ್ದಾಳೆ. ಕ್ಲಾಸಿಗೆ ಹೋಗು ಅನ್ನಲಿಲ್ಲ.
ಕಿಟಕಿಯಾಚೆ ಕಾರು ಬಂತು. ಹೆಂಗಸು ಇಳಿದು ಓಡಿ ಬರುತ್ತಿದ್ದಾಳೆ. ಕೋಟಿಲ್ಲ, ಕಾಲಲ್ಲಿ ಮನೆಯ ಚಪ್ಪಲಿ. ಏನೆಂದು ಶುರು ಮಾಡಲಿ. ಇಷ್ಟು ವರ್ಷದಲ್ಲಿ ಇನ್ನೂ ಮೊದಲ ಮಾತು ಯಾವುದೆಂದು —