ಗೆಸ್ಟ್‌ಗಳು ಎದ್ದ ಮೇಲೆ ಬಾಗಿಲು

ಅಪ್ಪಯ್ಯಾ,

ಎರಡು ಬೇಸಿಗೆ ಕಳೆದ ಮೇಲೆ ಈ ಕಾಗದ. ಮೊದಲೇ ಬರೆಯಬಹುದಿತ್ತು, ಬರೆಯಲಿಲ್ಲ. ಏನೆಂದು ಬರೆಯುವುದು? ನಿಮ್ಮ ಆಕ್ಸಿಜನ್ ಯಂತ್ರಕ್ಕೆಂದು ಮೀಸಲಿಟ್ಟ ಇನ್ವರ್ಟರಿಗೆ ನನ್ನ ಕಂಪ್ಯೂಟರುಗಳನ್ನು ಸಿಕ್ಕಿಸಿ ಆಫೀಸಿಗೆ ಹೋದವಳು ನಾನು. ಕರೆಂಟ್ ಹೋಯಿತು, ಬ್ಯಾಟರಿ ಮುಗಿಯಿತು, ನಾಲ್ಕನೇ ದಿನ ನೀವು ಹೋದಿರಿ. ಮೊನ್ನೆಯ ತನಕ ಇದನ್ನು ಅಮ್ಮನಿಗೂ ಹೇಳಿರಲಿಲ್ಲ. ನಿಮಗೆ ಗೊತ್ತಿತ್ತು ಎಂಬುದು ನನಗೆ ತಿಳಿದದ್ದು ಹೋದ ವಾರ.

ಹೋಟೆಲನ್ನು ಚಿಕ್ಕಪ್ಪನಿಗೆ ಒಪ್ಪಿಸಿ ನೀವು ಮನೆಯಲ್ಲಿ ಕೂತ ಮೊದಲ ವಾರ ನೆನಪಿದೆಯಾ? ಮೂವತ್ತು ವರ್ಷ ಕಾವಲಿಯ ಹೊಗೆ ಕುಡಿದ ಶ್ವಾಸಕೋಶಕ್ಕೆ ಪೀತಮ್‌ಪುರದ ಆ ಮೂರನೇ ಮಹಡಿಯ ಮೆಟ್ಟಿಲೇ ಹಿಮಾಲಯವಾಗಿತ್ತು. ಮೂಗಿಗೆ ಕೊಳವೆ, ಮಂಚದ ಪಕ್ಕದಲ್ಲಿ ಹಗಲಿಡೀ ಗುರುಗುಟ್ಟುವ ಯಂತ್ರ. "ಇದು ಅರೆಯುದಾದ್ರೂ ಎಂತ ಮಾರಾಯ್ತಿ? ಬೆಳಿಗ್ಗೆಯಿಂದ ತಿರುಗ್ತಾ ಉಂಟು, ಒಂದು ಚಮಚ ಹಿಟ್ಟು ಬರ್ಲಿಲ್ಲ" ಎಂದಿರಿ. ನಾನು ನಕ್ಕೆ. ಅಮ್ಮ ನಗಲಿಲ್ಲ.

ಆ ತಿಂಗಳೇ ನಾನು ನೆಹರೂ ಪ್ಲೇಸಿನ ಕಂಪ್ಯೂಟರ್ ಬಜಾರಿನಿಂದ ಮೂರು ಹಳೇ ಪುಟ್ಟ ಕಂಪ್ಯೂಟರುಗಳನ್ನು ಆಟೋದಲ್ಲಿ ಹೇರಿಕೊಂಡು ಬಂದದ್ದು. ಆಫೀಸಿನಲ್ಲಿ ನನ್ನ ಕೆಲಸ ಊರವರ ಮೌಸ್ ರಿಪೇರಿ. ಸರ್ವರ್ ಕೋಣೆಯ ಬಾಗಿಲು ಹುಡುಗರಿಗೆ ಮಾತ್ರ ತೆರೆಯುತ್ತಿತ್ತು, ಕೇಳಿದರೆ "ಅನುಭವ ಇಲ್ಲ" ಎನ್ನುತ್ತಿದ್ದರು. ಹಾಗಾದರೆ ಮನೆಯಲ್ಲೇ ಕಲಿಯುತ್ತೇನೆ ಎಂದು ಹಟ. ಮುಚ್ಚಿಸಿದ ಬಾಲ್ಕನಿಯಲ್ಲಿ ಮೂರನ್ನೂ ಸಾಲಾಗಿಟ್ಟು, "ಇವುಗಳೊಳಗೆ ಒಂಬತ್ತು ಕಂಪ್ಯೂಟರ್ ಓಡಿಸ್ತೇನೆ" ಎಂದೆ. "ಮೂರು ಡಬ್ಬಿಯಲ್ಲಿ ಒಂಬತ್ತಾ? ನನ್ನ ಹತ್ರ ರೈಲು ಬಿಡ್ಬೇಡ" ಎಂದಿರಿ. ನಿಜವಾದ ಯಂತ್ರ ಒಂದು, ಅದರ ಹೊಟ್ಟೆಯೊಳಗೆ ತಾವೇ ಯಂತ್ರವೆಂದು ನಂಬಿಕೊಂಡ ಮೂರು. ಹೊರಗಿನದಕ್ಕೆ ಹೋಸ್ಟ್, ಒಳಗಿನವಕ್ಕೆ ಗೆಸ್ಟ್ ಅನ್ನುತ್ತಾರೆ ಎಂದು ವಿವರಿಸಿದೆ. ನೀವು ಕೆಮ್ಮು ಬರುವ ತನಕ ನಕ್ಕಿರಿ. "ಇದು ಹೋಟೆಲೇ ಅಲ್ವಾ! ಮೊದಲೇ ಹೇಳ್ಬಾರ್ದಾ?"

ಅಲ್ಲಿಂದ ಅದು ನನ್ನ ಯೋಜನೆಯಾಗಿ ಉಳಿಯಲಿಲ್ಲ. ಯಾವ ಯಂತ್ರ ಎಷ್ಟು ಕರೆಂಟ್ ತಿನ್ನುತ್ತದೆ ಎಂದು ಅಳೆಯುವ ಮೀಟರು ನಿಮ್ಮ ಕೈಗೆ ಬಂತು. ಹೋಟೆಲಿನ ಆರ್ಡರ್ ಚೀಟಿಗಳ ಹಿಂದೆ ನೀವು ಬರೆಯುತ್ತಿದ್ದಿರಿ: 'ಒಂದನೇದು, ಸುಮ್ಮನೆ ಕೂತಾಗ 28. ರಶ್ ಇದ್ದಾಗ 41.' ನಾನು ಮೂರನ್ನೂ ಸದಾ ಉರಿಸಿಡುವ ನಕ್ಷೆ ಹಾಕಿದ್ದೆ. ನೀವು ಅದನ್ನು ಕೈಯಲ್ಲಿ ಹಿಡಿದು, ಮಾಣಿ ತಂದ ತಪ್ಪು ಆರ್ಡರ್ ನೋಡುವವರ ಹಾಗೆ ನೋಡಿದಿರಿ. "ಒಂದು ಕಾವಲಿ ತುಂಬದೆ ಎರಡನೇದಕ್ಕೆ ಬೆಂಕಿ ಹಚ್ಚುದುಂಟಾ? ಮೂರನೇದು ತಣ್ಣಗಿರ್ಲಿ. ಆದ್ರೆ ಎಣ್ಣೆ ಸವರಿ ತಯಾರು ಇಟ್ಟಿರು. ಒಂದು ಕೈ ಕೊಟ್ರೆ?" ಆಮೇಲೆ ದಪ್ಪ ಪುಸ್ತಕಗಳಲ್ಲಿ ಇದನ್ನೇ ದೊಡ್ಡ ದೊಡ್ಡ ಹೆಸರುಗಳಲ್ಲಿ ಓದಿದೆ. ಅಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ.

ಯಂತ್ರಗಳನ್ನು ಆರಿಸುವುದನ್ನು ನಿಮಗೆ ಕಲಿಸಿದ ಸಂಜೆ ನೀವು ಇದ್ದಕ್ಕಿದ್ದಂತೆ ಗಂಭೀರವಾದಿರಿ. ವಯರ್ ಮಾತ್ರ ಯಾವತ್ತೂ ಕೀಳಬಾರದು, ಉಣ್ಣುತ್ತಿರುವವನ ಮುಂದಿನ ಎಲೆ ಎಳೆದ ಹಾಗೆ ಅದು. ಮೊದಲು ಒಬ್ಬೊಬ್ಬ ಗೆಸ್ಟನ್ನೂ ಕಳಿಸಬೇಕು, ಕೊನೆಗೆ ಹೋಸ್ಟ್ ಎಂದು ನಾಲ್ಕು ಸಲ ಹೇಳಿದೆ. "ಗೆಸ್ಟ್ ಏಳುವ ಮೊದಲು ನಾನು ಯಾವತ್ತು ಬಾಗಿಲು ಹಾಕಿದ್ದೇನೆ?" ಎಂದು ಕೇಳಿದಿರಿ. ನಿಜ. ಶಟರ್ ಅರ್ಧ ಇಳಿಸಿ, ಕೊನೆಯ ಗಿರಾಕಿಯ ಹತ್ತಿರ ನಿಂತು "ಆರಾಮ್ ಸೇ ಖಾಯಿಯೇ, ಆರಾಮ್ ಸೇ" ಎಂದು ನಿಧಾನಕ್ಕೆ ತಿನ್ನಲು ಹೇಳುತ್ತಿದ್ದವರು ನೀವು. ಇನ್ನೊಂದು ಕರಾರೂ ಅವತ್ತೇ ಆಯಿತು. ಇನ್ವರ್ಟರಿನ ಲೈನು ನಿಮ್ಮ ಆಕ್ಸಿಜನ್ನಿಗೆ ಮತ್ತು ಒಂದು ಫ್ಯಾನಿಗೆ ಮಾತ್ರ. ಕರೆಂಟ್ ಹೋದರೆ ನನ್ನ ಯಂತ್ರಗಳು ಹಾಳಾಗಿ ಹೋಗಲಿ. ಒಪ್ಪಿದವಳು ನಾನೇ.

ಆ ಮೇ ತಿಂಗಳ ಬೆಳಿಗ್ಗೆ ನೀವು ಸ್ನಾನಕ್ಕೆ ಹೋಗಿದ್ದಿರಿ. ನನ್ನ ನೋಟ್‌ಬುಕ್ಕಿನಲ್ಲಿ ಒಂದೇ ಪುಟ ಖಾಲಿ ಉಳಿದಿತ್ತು: 'ಕರೆಂಟ್ ಹೋದಾಗ.' ಬ್ಯಾಟರಿಯ ಮೇಲೆ ನನ್ನ ಯಂತ್ರಗಳು ಹೇಗೆ ನಡೆದುಕೊಳ್ಳುತ್ತವೆ ಎಂದು ನೋಡಬೇಕಿತ್ತು. ಒಂದೇ ದಿನ, ಎಂದುಕೊಂಡೆ. ಪ್ಲಗ್ ಕಿತ್ತು ಇನ್ವರ್ಟರಿನ ಲೈನಿಗೆ ಹಾಕಿ ಮೂರನ್ನೂ ಉರಿಸಿಟ್ಟೆ, ಯಾರಿಗೂ ಹೇಳಲಿಲ್ಲ, ಬಸ್ಸು ಹಿಡಿದೆ. ಹನ್ನೆರಡಕ್ಕೆ ಕಾಲು ಗಂಟೆ ಇರುವಾಗ ಕರೆಂಟ್ ಹೋಯಿತಂತೆ, ಪಕ್ಕದ ಮನೆಯ ಆಂಟಿ ಆಮೇಲೆ ಹೇಳಿದ್ದು. ಅಮ್ಮ ದೇವಸ್ಥಾನಕ್ಕೆ ಹೋಗಿದ್ದಳು. ಇನ್ವರ್ಟರ್ ಕೂಗಲು ಶುರು ಮಾಡಿದಾಗ ನೀವು ಚಿಕ್ಕಪ್ಪನಿಗೆ ಫೋನ್ ಮಾಡಿದಿರಿ. ಅವನು ದೂರದ ಆಜಾದ್‌ಪುರದ ತರಕಾರಿ ಮಂಡಿಯಲ್ಲಿದ್ದ. ಬಂದು, ತುರ್ತಿಗೆಂದು ಮೂಲೆಯಲ್ಲಿಟ್ಟಿದ್ದ ಆಕ್ಸಿಜನ್ ಸಿಲಿಂಡರಿನ ಬಿಗಿದ ಕೀಲಿ ತಿರುಗಿಸುವ ಹೊತ್ತಿಗೆ ನಿಮ್ಮ ತುಟಿ ನೀಲಿಯಾಗಿತ್ತು.

ಆಸ್ಪತ್ರೆಯಿಂದ ನಿಮ್ಮ ಬಟ್ಟೆ ತರಲು ಮನೆಗೆ ಬಂದವಳು ನೇರ ಬಾಲ್ಕನಿಗೆ ಹೋದೆ. ಎಲ್ಲವೂ ಕಪ್ಪಗೆ, ತಣ್ಣಗೆ. ಬ್ಯಾಟರಿಯ ಕೊನೆಯ ಹನಿಯ ತನಕ ಕುಡಿದೇ ಸತ್ತಿವೆ ಎಂದುಕೊಂಡೆ. ಆಗ ನಾನು ಮಾಡಿದ್ದೇನು ಗೊತ್ತಾ? ಯಾರಾದರೂ ನೋಡಿಯಾರು ಎಂದು ಪ್ಲಗ್ ಕಿತ್ತು ಬಚ್ಚಿಟ್ಟೆ. ನೀವು ಅಲ್ಲಿ ಉಸಿರಿಗೆ ಒದ್ದಾಡುತ್ತಿದ್ದಾಗ ನಾನು ಇಲ್ಲಿ ಸಾಕ್ಷಿ ಅಳಿಸುತ್ತಿದ್ದೆ.

ಮೂರನೇ ದಿನ ಮಾಸ್ಕಿನ ಹಿಂದಿನಿಂದ ನೀವು ನನ್ನನ್ನೇ ನೋಡಿ ಮೂರು ಬೆರಳು ಎತ್ತಿದಿರಿ. ಆಮೇಲೆ ಕೈಯನ್ನು ಮೇಲಿನಿಂದ ಕೆಳಗೆ ಎಳೆದಿರಿ, ಶಟರ್ ಎಳೆಯುವ ಹಾಗೆ. ಮತ್ತೊಮ್ಮೆ ಮೂರು ಬೆರಳು, ಮತ್ತೊಮ್ಮೆ ಶಟರ್. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. 'ನನ್ನ ಅಂಗಡಿ ಮುಚ್ಚಿತು, ನೀವು ಮೂವರು ಹೊಂದಿಕೊಂಡಿರಿ' ಎಂದು ಅವಳು ಅರ್ಥ ಮಾಡಿಕೊಂಡಳು. ಆ ಮೂರು ಬೆರಳಿನ ಮಾತಿಗೆ ಕಟ್ಟುಬಿದ್ದು ಚಿಕ್ಕಪ್ಪನ ಜೊತೆಗಿನ ಹಳೇ ಜಗಳವನ್ನೂ ಬಿಟ್ಟಳು. ನಾನೂ ಹಾಗೇ ತಿಳಿದೆ. ನೀವು ತಲೆ ಅಲ್ಲಾಡಿಸಿದಿರಿ, ಅದು ಅಲ್ಲ, ಅದು ಅಲ್ಲ ಎಂಬಂತೆ... ನರ್ಸ್ ಬಂದು ನಮ್ಮನ್ನು ಹೊರಗೆ ಕಳಿಸಿದಳು.

ಹೋದ ವಾರ ಅಮ್ಮನೂ ನಾನೂ ಮನೆ ಬದಲಿಸಿ ಇಂದಿರಾಪುರಂಗೆ ಬಂದೆವು. ಎಂಟನೇ ಮಹಡಿ, ಆದರೆ ಲಿಫ್ಟ್ ಇದೆ. ಹಳೇ ಮನೆಯ ಅಟ್ಟದ ಮೇಲೆ ಕಟ್ಟಿಟ್ಟಿದ್ದ ಯಂತ್ರಗಳ ಪೆಟ್ಟಿಗೆಯನ್ನು ಸಾಮಾನು ಸಾಗಿಸುವ ಭಯ್ಯಾ ನನ್ನ ಮುಂದೆಯೇ ಇಳಿಸಿದ. "ದೀದಿ, ಗುಜರಿಗೆ ಕೊಡ್ಲಾ?" ಎಂಬರ್ಥದಲ್ಲಿ ಏನೋ ಕೇಳಿದ. ಹೂಂ ಎನ್ನಬೇಕಿತ್ತು, ಬೇಡ ಎಂದೆ. ಮೇಲೆಯೇ ನಿಮ್ಮ ಆರ್ಡರ್ ಚೀಟಿಗಳ ಕಟ್ಟು. ಒಂದು ಯಂತ್ರಕ್ಕೆ ಕರೆಂಟ್ ಕೊಟ್ಟೆ. ಎದ್ದುಕೊಂಡಿತು. ಯಂತ್ರ ತಾನು ಮಾಡಿದ್ದನ್ನೆಲ್ಲ ಸಮಯದ ಸಮೇತ ಸಾಲುಸಾಲಾಗಿ ಬರೆದಿಟ್ಟುಕೊಳ್ಳುತ್ತದೆ. ಬ್ಯಾಟರಿ ಮುಗಿದು ಸತ್ತದ್ದಾದರೆ ಆ ಬರಹ ಮಧ್ಯದಲ್ಲೇ ತುಂಡಾಗಿರಬೇಕು. ಎಲ್ಲಿ ತುಂಡಾಗಿದೆ ಎಂದು ನೋಡಲು ಹೋದೆ.

ತುಂಡಾಗಿರಲಿಲ್ಲ ಅಪ್ಪಯ್ಯಾ. ಹನ್ನೆರಡು ಗಂಟೆ ನಾಲ್ಕು ನಿಮಿಷಕ್ಕೆ ಕೀಬೋರ್ಡಿನಿಂದ ಅಪ್ಪಣೆ: ಮೊದಲನೇ ಗೆಸ್ಟ್ ಹೊರಟಿತು. ಆಮೇಲೆ ಎರಡನೇದು. ಆಮೇಲೆ ಮೂರನೇದು. ಕೊನೆಗೆ ಹೋಸ್ಟ್. ಎರಡನೇ ಯಂತ್ರಕ್ಕೂ ಮೂರನೇದಕ್ಕೂ ಕರೆಂಟ್ ಕೊಟ್ಟೆ. ಅಲ್ಲೂ ಅದೇ ಕ್ರಮ, ಎಲ್ಲೂ ತಪ್ಪಿಲ್ಲ. ಹನ್ನೆರಡು ಹದಿನೇಳಕ್ಕೆ ಕೊನೆಯ ಬಾಗಿಲು ಬಿದ್ದಿದೆ.

ಕರೆಂಟ್ ಹೋದರೂ ಬಾಲ್ಕನಿಯಲ್ಲಿ ಹಸಿರು ದೀಪ ಉರಿಯುವುದನ್ನು ಮಂಚದಿಂದಲೇ ಕಂಡಿರಬೇಕು. ನಾನು ಮಾಡಿದ ಕಳ್ಳತನ ಆ ಕ್ಷಣಕ್ಕೇ ಗೊತ್ತಾಗಿರಬೇಕು. ಆದರೆ ನಿಮ್ಮ ಮೂಗಿನ ಕೊಳವೆ ಬಾಲ್ಕನಿಯ ತನಕ ಬರುತ್ತಿರಲಿಲ್ಲವಲ್ಲ? ಕೊಳವೆ ತೆಗೆದಿಟ್ಟು ಹೋದಿರಾ? ಹದಿಮೂರು ನಿಮಿಷ! ಗೋಡೆ ಹಿಡಿದುಕೊಂಡು, ನಿಂತು ನಿಂತು... ಒಂದು ವಯರ್ ಕಿತ್ತಿದ್ದರೆ ಒಂದು ಕ್ಷಣದ ಕೆಲಸ. ಯಾಕೆ ಕೀಳಲಿಲ್ಲ? ಯಾರಿದ್ದರು ಆ ಯಂತ್ರಗಳೊಳಗೆ? ನನ್ನ ಅಭ್ಯಾಸದ ಕಸ ಇತ್ತು, ಅಷ್ಟೇ. ನಿಮ್ಮ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಚೀಟಿಗಳ ಕಟ್ಟನ್ನು ಎಸೆದೇಬಿಟ್ಟೆ. ಆಮೇಲೆ ಒಂದೊಂದಾಗಿ ಹೆಕ್ಕಿಕೊಂಡೆ.

ಆ ಚೀಟಿಗಳ ಪ್ರಕಾರವೇ ಹಾಕಿ ನೋಡಿದರೆ, ನೀವು ಆರಿಸುವ ತನಕ ನನ್ನ ಯಂತ್ರಗಳು ತಿಂದದ್ದು ನಿಮ್ಮ ಆಕ್ಸಿಜನ್ನಿನ ಎಂಟೊಂಬತ್ತು ನಿಮಿಷ. ಆ ಎಂಟೊಂಬತ್ತು ನಿಮಿಷ ಸಾಕಾಗುತ್ತಿತ್ತಾ? ಸೋಂಕು ಮೊದಲೇ ಹತ್ತಿತ್ತು, ಇದರಿಂದ ಏನೂ ಆಗಿಲ್ಲ ಎಂದರು ಡಾಕ್ಟರು. ಅವರಿಗೆ ಪ್ಲಗ್ಗಿನ ವಿಷಯ ಗೊತ್ತಿರಲಿಲ್ಲ. ತಪ್ಪು ನನ್ನದಲ್ಲ ಎಂದು ಈ ಕಾಗದದಲ್ಲಿ ಬರೆಯಲಾರೆ. ನೀವು ಚಿಕ್ಕಪ್ಪನಿಗೆ ನನ್ನ ಕಳ್ಳತನದ ಬಗ್ಗೆ ಒಂದು ಮಾತೂ ಬಿಟ್ಟುಕೊಡಲಿಲ್ಲ ಎಂಬುದನ್ನು ಮಾತ್ರ ಬರೆಯಬಲ್ಲೆ.

ಮೊನ್ನೆ ಅಮ್ಮನಿಗೆ ಎಲ್ಲ ಹೇಳಿದೆ. ಪ್ಲಗ್ಗು, ಬಚ್ಚಿಟ್ಟದ್ದು, ಹದಿಮೂರು ನಿಮಿಷ. ಅವಳು ಬೀನ್ಸ್ ಮುರಿಯುತ್ತಿದ್ದವಳು ಮುರಿಯುತ್ತಲೇ ಇದ್ದಳು. ಬುಟ್ಟಿ ಖಾಲಿಯಾದ ಮೇಲೆ ಕೇಳಿದಳು, "ಹಾಗಾದ್ರೆ ಆ ಮೂರು ಬೆರಳು?"

"ಮೂರು ಮೆಷಿನ್ ಅಮ್ಮಾ. ಮೂರನ್ನೂ ಸರಿಯಾಗಿ ಮುಚ್ಚಿದ್ದೇನೆ, ನೀನು ಹೆದರಬೇಡ ಅಂತ."

"ನಾನು ಸುಮ್ಮನೆ ನಿನ್ನ ಚಿಕ್ಕಪ್ಪನ ಹತ್ರ ರಾಜಿಯಾದೆ" ಎಂದಳು. ನಕ್ಕಳು, ಅತ್ತಳು, ಯಾವುದು ಮೊದಲು ಎಂದು ನನಗೆ ತಿಳಿಯಲಿಲ್ಲ.

ನಿಮಗೆ ತಲುಪದ ಸುದ್ದಿ ಇನ್ನೂ ಇದೆ. ಸರ್ವರ್ ಕೋಣೆಯ ಕಾರ್ಡು ಈಗ ನನ್ನ ಕುತ್ತಿಗೆಯಲ್ಲಿದೆ. ಇಂದಿರಾಪುರಂನ ಬಾಲ್ಕನಿಯಲ್ಲಿ ಮೂರೂ ಯಂತ್ರ ಮತ್ತೆ ಸಾಲಾಗಿ ಕೂತಿವೆ, ನಿಮ್ಮ ಲೆಕ್ಕದಂತೆಯೇ. ಒಂದು ಕಾವಲಿ ತುಂಬಿದರೆ ಎರಡನೇದು ಏಳುತ್ತದೆ, ಮೂರನೇದು ತಣ್ಣಗೆ ತಯಾರಾಗಿದೆ. ಅವಕ್ಕೆ ಅವುಗಳದೇ ಪುಟ್ಟ ಬ್ಯಾಟರಿ. ಮನೆಯ ಇನ್ವರ್ಟರಿನ ಲೈನು ಅವುಗಳ ಹತ್ತಿರವೂ ಸುಳಿಯುವುದಿಲ್ಲ. ಕರೆಂಟ್ ಹೋದರೆ ಅವೇ ಗೆಸ್ಟ್‌ಗಳನ್ನು ಒಬ್ಬೊಬ್ಬರಾಗಿ ಕಳಿಸಿ ಬಾಗಿಲು ಹಾಕಿಕೊಳ್ಳುತ್ತವೆ. ಯಾರೂ ಎದ್ದು ಹೋಗಬೇಕಿಲ್ಲ.

ಆದರೂ ಯಂತ್ರದ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಕಾಗದ ಅಂಟಿಸಿದ್ದೇನೆ. 'ಅಮ್ಮಾ, ಏನೇ ಆದರೂ ಮೊದಲು ವಯರ್ ಕಿತ್ತುಹಾಕು. ಗೆಸ್ಟ್‌ಗಳು ಅರ್ಧ ಊಟದಲ್ಲಿ ಎದ್ದು ಹೋಗಲಿ.'

ಅಮ್ಮ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿದಳು. "ಇದನ್ನು ಅವರಿಗೆ ಹೇಳಿಕೊಡ್ಬೇಕಿತ್ತು ಮಗಾ" ಎಂದಳು.

ಹೌದು ಅಪ್ಪಯ್ಯಾ. ನಿಮಗೆ ಹೇಳಿಕೊಡಬೇಕಿತ್ತು.

ನಿಮ್ಮ
ಸುಮಾ