ಯಾರದೂ ಅಲ್ಲದ ಬೀಗ

ಸರೋವರದ ಹಾದಿಯನ್ನು ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಗೇಟಿಗೆ ಬಿದ್ದಿರುವ ಬೀಗವನ್ನು ದಯವಿಟ್ಟು ತೆಗೆಸಿ. ನನ್ನ ಹೆಂಡತಿಯ ಕಣ್ಣು ಹೋಗುತ್ತಿದೆ. ಈ ಎರಡು ಮಾತಿಗೆ ಏನು ಸಂಬಂಧ ಎಂದು ನಿಮ್ಮ ಕಚೇರಿಯ ಪ್ರತಿ ಮೇಜಿನಲ್ಲೂ ಕೇಳಿದರು, ಪ್ರತಿ ಮೇಜಿನಲ್ಲೂ ಹೇಳಿದೆ. ಕೇಳಿದವರೆಲ್ಲ ಕಿವಿ ಕೊಟ್ಟರು, ಗಮನ ಕೊಡಲಿಲ್ಲ. ಹಾಗಾಗಿ ಈಗ ಊರೆಲ್ಲ ಓದುವ ಹಾಗೆ ಪತ್ರಿಕೆಗೇ ಬರೆಯುತ್ತಿದ್ದೇನೆ.

ನನ್ನಾಕೆ ಬಸ್ ಡ್ರೈವರ್. ‘ಆಗಿದ್ದಳು’ ಎಂದು ಬರೆಯಬೇಕು, ಕೈ ಬರುತ್ತಿಲ್ಲ. ಕಡಲ ಬದಿಯ ಎರಡು ಊರುಗಳ ನಡುವೆ, ಕೆರೆಯ ಈಚೆ ದಡದ ರಸ್ತೆಯಲ್ಲಿ ಅವಳ ಬಸ್ಸು ಓಡುತ್ತಿತ್ತು. (ನಾವೆಲ್ಲ ಅದನ್ನು ಕೆರೆ ಎನ್ನುತ್ತಿದ್ದೆವು. ನೀವು ಫಲಕ ನೆಟ್ಟ ಮೇಲೆ ಸರೋವರವಾಯಿತು.) ಆಚೆ ದಡದಲ್ಲಿ ಒಂದು ಸಣ್ಣ ನೆಲದ ಪಟ್ಟಿ ಇದೆಯಲ್ಲ, ಈ ಕಡೆ ಕೆರೆ, ಆ ಕಡೆ ಸಮುದ್ರ, ಅದನ್ನು ನೋಡಲೆಂದೇ ಜನ ಕಿಟಕಿ ಪಕ್ಕದ ಸೀಟಿಗೆ ಜಗಳವಾಡುತ್ತಿದ್ದರು. “ಬಸ್ಸಲ್ಲಿ ಇದ್ದೋರೆಲ್ಲ ನೋಡಿದ್ದಾರೆ ಕಣ್ರೀ, ನಾನೊಬ್ಳೇ ನೋಡಿಲ್ಲ. ನನ್ನ ಕಣ್ಣು ರಸ್ತೆ ಮೇಲೆ” ಎನ್ನುತ್ತಿದ್ದಳು. ರಿಟೈರಾದ ಮೇಲೆ ಕೆರೆಯನ್ನು ಒಂದು ಸುತ್ತು ಹಾಕುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಅವಳ ನೋಟ ಅಂಚಿನಿಂದ ಒಳಕ್ಕೆ ಮುಚ್ಚತೊಡಗಿತು. ಯಾರೂ ಕೇಳುವ ಮೊದಲೇ ತಾನೇ ಡಿಪೋಗೆ ಹೋಗಿ ಬಸ್ಸಿನ ಕೀಲಿ ಒಪ್ಪಿಸಿ ಬಂದಳು. ಈಗ ಅವಳಿಗೆ ಲೋಕ ಕಾಣುವುದು ಕೀಲಿಯ ಕಿಂಡಿಯಲ್ಲಿ ಇಣುಕಿದಷ್ಟು ಮಾತ್ರ. ಎಡಬಲದಲ್ಲಿ ಆನೆ ನಿಂತರೂ ಗೊತ್ತಾಗುವುದಿಲ್ಲ. “ನೋಡೋದೇನಿದೆಯೋ ಈಗ್ಲೇ ನೋಡ್ಬಿಡಿ ತಾಯಿ” ಎಂದರು ಡಾಕ್ಟರು. ಔಷಧಿ ಬರೆದುಕೊಡಲಿಲ್ಲ.

ಅದೇ ಹೊತ್ತಿಗೆ ನಿಮ್ಮ ಫಲಕ ಎದ್ದಿತು: ‘ಸರೋವರದ ಸುತ್ತ ಸೈಕಲ್ ಹಾದಿ. ಜಲ್ಲಿ ನೆಲ. ಮಧ್ಯಮ ಕಷ್ಟ. ಸರ್ವರಿಗೂ ಸ್ವಾಗತ.’ ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. ಮುಂದೊಬ್ಬರು ಹಿಂದೊಬ್ಬರು ಕೂತು ತುಳಿಯುವ ಹಳೆಯ ಜೋಡಿ ಸೈಕಲ್ಲೊಂದನ್ನು ಹುಡುಕಿ ತಂದೆ. ಹಿಂದಿನ ಸೀಟಿನಲ್ಲಿ ಕೂತರೂ ಡ್ರೈವರ್ ಡ್ರೈವರೇ. “ತಿರುವಲ್ಲಿ ಬೆಲ್ ಹೊಡೀರಿ. ಇಳಿಜಾರಲ್ಲಿ ಬ್ರೇಕು ಹಾಗೆ ಒಂದೇ ಸಲ ಅದುಮ್ತಾರಾ? ನಿಮಗೆ ಲೈಸೆನ್ಸ್ ಕೊಟ್ಟ ಪುಣ್ಯಾತ್ಮ ಯಾರು?” ಜಲ್ಲಿ ಚಕ್ರದಡಿ ಕರಕರ ಎನ್ನುತ್ತಿತ್ತು, ಏರಿನಲ್ಲಿ ನನಗೆ ಏದುಸಿರು, ಅವಳಿಗೆ ನಗು. ಫಲಕ ಸುಳ್ಳು ಹೇಳಿರಲಿಲ್ಲ, ಕಷ್ಟ ಮಧ್ಯಮವೇ ಆಗಿತ್ತು. ನೆಲದ ಪಟ್ಟಿ ಶುರುವಾಗುವಲ್ಲಿ ನಿಮ್ಮ ಗೇಟು ಸಿಕ್ಕಿತು.

ನನ್ನ ತಲೆಗಿಂತ ಎತ್ತರದ ಗೇಟು, ಅದಕ್ಕೊಂದು ಬೀಗ, ಪಕ್ಕದಲ್ಲಿ ಅಂಕುಡೊಂಕಾದ ಕಬ್ಬಿಣದ ಸಂದಿ. ಒಬ್ಬರ ಸೈಕಲ್ಲು ಆ ಸಂದಿಯಲ್ಲಿ ತಿರುಗುತ್ತದೆ, ನಮ್ಮದು ಉದ್ದ, ಸಿಕ್ಕಿಕೊಳ್ಳುತ್ತದೆ. ಆಚೆ ತುದಿಯಲ್ಲೂ ಇಂಥದೇ ಇದೆಯಂತೆ. ಮೋಟಾರ್‌ಬೈಕಿನವರು ನುಗ್ಗಬಾರದೆಂದು ಈ ಏರ್ಪಾಟು. ಅವರೋ ಮರಳಿನ ಮೇಲೆ ಬಳಸಿಕೊಂಡು ನಮ್ಮ ಕಣ್ಣೆದುರೇ ಆಚೆ ಹೋದರು. ನಮ್ಮ ಸೈಕಲ್ಲಿನ ಚಕ್ರ ಆ ಮರಳಲ್ಲಿ ಹೂತುಹೋಗುತ್ತದೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕುವ ವೈದ್ಯರು ನಿಮ್ಮ ಇಲಾಖೆಯಲ್ಲಿ ಎಷ್ಟು ಜನರಿದ್ದಾರೆ, ಮಾನ್ಯರೇ?

“ಗೇಟ್ ನಮ್ದು, ಬೀಗ ನಮ್ದಲ್ಲ” ಎಂದರು ನಿಮ್ಮ ಕಚೇರಿಯಲ್ಲಿ. “ನಾವು ಗೇಟ್ ನಿಲ್ಸಿ ಬಂದ್ವಿ ಅಷ್ಟೇ, ಆಗ ಬೀಗ ಇರ್ಲಿಲ್ಲ” ಎಂದರು ಗುತ್ತಿಗೆದಾರರು. “ನಾನು ಕೆಲಸಕ್ಕೆ ಸೇರೋಕ್ ಮುಂಚೆಯಿಂದ್ಲೂ ಇದೆ ಸಾರ್” ಎಂದ ಕಾವಲುಗಾರ. ಕೀ ಯಾರ ಹತ್ತಿರ ಇದೆಯಪ್ಪಾ ಎಂದರೆ, “ಕೀ ಯಾಕ್ ಸಾರ್, ಯಾರೂ ತೆಗೆಯೋದೇ ಇಲ್ವಲ್ಲ!” ಮತ್ತೆ ನಿಮ್ಮ ಕಚೇರಿಗೇ ಬಂದೆ. ಇಬ್ಬರು ಕೂರುವುದನ್ನು ನಿಯಮದ ಪ್ರಕಾರ ಸೈಕಲ್ಲು ಎನ್ನಲಾಗದು, ನಡೆದುಕೊಂಡು ಹೋಗಿ ಎಂದು ಅಪ್ಪಣೆಯಾಯಿತು. ವರ್ಷಗಟ್ಟಲೆ ಕ್ಲಚ್ ತುಳಿದು ಅವಳ ಎಡ ಮೊಣಕಾಲು ಸವೆದಿದೆ, ಸ್ವಾಮಿ. ಪೆಡಲಿಗೆ ಬಗ್ಗುತ್ತದೆ, ನಡಿಗೆಗೆ ಒಲ್ಲೆ ಎನ್ನುತ್ತದೆ.

ಇನ್ನು ನನ್ನ ವಿಷಯ. ನಾನು ಬೀಗ ರಿಪೇರಿಯವನು. ನಗಬೇಡಿ. ನಿಮ್ಮ ಆ ಬೀಗ, ಉಪ್ಪುಗಾಳಿಗೆ ತುಕ್ಕು ಹಿಡಿದಿದ್ದರೂ, ನನ್ನ ಕೈಯಲ್ಲಿ ಒಂದು ಲೋಟ ಟೀ ಆರುವಷ್ಟು ಹೊತ್ತು ನಿಲ್ಲದು. ಆದರೆ ನನಗೆ ಕೆಲಸ ಕಲಿಸಿದ ಸೋದರಮಾವ ಮೊದಲ ದಿನವೇ ಕಿವಿ ಹಿಂಡಿ ಹೇಳಿದ್ದ: “ಮಾಲೀಕ ಪಕ್ಕದಲ್ಲಿ ನಿಂತು ತೆಗಿ ಅನ್ನೋವರೆಗೂ ಬೀಗ ಮುಟ್ಬೇಡ. ಮುಟ್ಟಿದ್ರೆ ನಿನಗೂ ಕಳ್ಳನಿಗೂ ಏನೋ ವ್ಯತ್ಯಾಸ?” ಇವತ್ತಿನವರೆಗೂ ಹಾಗೆಯೇ ನಡೆದುಕೊಂಡಿದ್ದೇನೆ. ಊರಿನವರು ತಿಜೋರಿಯ ಕೋಣೆಗೂ ನನ್ನನ್ನು ಬಿಡುವುದು ಅದಕ್ಕೇ.

ಗೇಟಿನ ಮುಂದೆ ಅವಳೂ ಕೇಳಿದಳು. “ನೀವೇ ತೆಗೀಬಹುದಲ್ವಾ?”

“ಮಾಲೀಕರು ಯಾರೂ ಇಲ್ವಲ್ಲೇ.”

“ಹಾಗಾದ್ರೆ ಬೇಡ ಬಿಡಿ. ನನ್ನ ಕಣ್ಣಿಗೋಸ್ಕರ ನಿಮ್ಮ ಕೈ ಕೆಡಿಸ್ಕೋಬೇಡಿ” ಎಂದಳು. ಆಮೇಲೆ ತಂತಿಬಲೆಗೆ ಮುಖ ಒತ್ತಿಕೊಂಡು, ಅಲ್ಲಿ ಎರಡು ನೀರೂ ಒಂದೇ ಬಣ್ಣ ಇದೆಯಾ ಎಂದು ನನ್ನನ್ನು ಕೇಳಿದಳು. ನನಗೆ ಸರಿಯಾಗಿ ವರ್ಣಿಸಲು ಬರಲಿಲ್ಲ. ಅಂದು ಅಂಗಡಿಗೆ ಹೋಗಿ, ಬಾಗಿಲು ಎಳೆದುಕೊಂಡು ಅತ್ತೆ. ಮತ್ತೊಮ್ಮೆ ಹೋದೆವು, ಮಗದೊಮ್ಮೆ ಹೋದೆವು. ಹೋದಷ್ಟು ಸಲವೂ ಅವಳಿಗೆ ಕಾಣುವುದು ಕಡಿಮೆಯಾಗಿದೆ.

ನನ್ನ ಬೇಡಿಕೆ ಇಷ್ಟೇ. ಬರುವ ಭಾನುವಾರ ಬೆಳಿಗ್ಗೆ ಆ ಗೇಟಿನ ಹತ್ತಿರ ಯಾರಾದರೂ ಒಬ್ಬರು ಬಂದು ನಿಲ್ಲಿ. ಕೀ ತರುವುದು ಬೇಡ, ಆದೇಶದ ಕಾಗದ ಬೇಡ. ಸಾಹೇಬರೇ ಬರಬೇಕೆಂದಿಲ್ಲ, ಜವಾನನನ್ನು ಕಳಿಸಿದರೂ ಆದೀತು. ಈ ಬೀಗ ನಮ್ಮದು, ತೆಗಿ, ಎಂದು ಒಂದು ಮಾತು ಹೇಳಿದರೆ ಸಾಕು. ಆ ನೆಲದ ಪಟ್ಟಿಯನ್ನು ಅವಳಿಗೆ ತೋರಿಸಿಕೊಂಡು ಇದೇ ಗೇಟಿಗೆ ಮರಳಿ ಬಂದು ನಾನೇ ಎಣ್ಣೆ ಬಿಟ್ಟು ಬೀಗ ಹಾಕಿಕೊಡುತ್ತೇನೆ.

ಯಾರೂ ಬರದಿದ್ದರೆ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಮನೆಯಲ್ಲಿ ಪತ್ರಿಕೆ ಓದಿ ಹೇಳುವವನು ನಾನೇ, ಈ ಸಾಲುಗಳನ್ನು ಅವಳಿಗೆ ಓದುವುದಿಲ್ಲ. ಅಂದು ನಾನು ಬೀಗ ತೆಗೆಯುತ್ತೇನೆ. ಮಾಲೀಕರು ಬಂದರಾ ಎಂದು ಅವಳು ಕೇಳಿಯೇ ಕೇಳುತ್ತಾಳೆ. ಆಗ, “ಅಧಿಕಾರಿಗಳು ಬಂದಿದ್ದಾರೆ ಕಣೇ, ಇಲ್ಲೇ ನಿನ್ನ ಪಕ್ಕದಲ್ಲೇ ನಿಂತಿದ್ದಾರೆ” ಎನ್ನುತ್ತೇನೆ. ಅವಳು ನಿಮಗೆ ನಮಸ್ಕಾರ ಮಾಡುತ್ತಾಳೆ.

ಆ ಖಾಲಿ ಜಾಗಕ್ಕೆ ಅವಳ ಕೈಯಿಂದ ನಮಸ್ಕಾರ ಮಾಡಿಸಬೇಡಿ. ಬನ್ನಿ.

ಇಂತಿ,
ನಿಮ್ಮದಲ್ಲದ ಬೀಗದ ಮುಂದೆ ಕೈಕಟ್ಟಿ ನಿಂತಿರುವ,
ಭಾನುವಾರದವರೆಗೆ ಪ್ರಾಮಾಣಿಕನಾದ
ಒಬ್ಬ ಬೀಗ ರಿಪೇರಿಯವ